ಆಲ್ಟರ್ನೇಟರ್ ಬಿಚ್ಚುವ ಮುಂಚೆ ಅರ್ತಿಂಗ್ ನೋಡಿ

ಎಂಜಿನ್ ಓಡುವಾಗ ಬೆಲ್ಟ್ ಮೂಲಕ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರವೇ ಆಲ್ಟರ್ನೇಟರ್. ನಾನು ಅದನ್ನು ಮೊದಲ ಸಲ ಬದಲಾಯಿಸಿದಾಗ ಕೆಲಸ ಚೆನ್ನಾಗಿಯೇ ಆಯಿತು, ಕಾರು ಮಾತ್ರ ಸರಿಹೋಗಲಿಲ್ಲ. ಹೆಡ್‌ಲೈಟ್ ಹಾಕಿದರೆ ಮತ್ತದೇ ಮಂಕು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಳ್ಳ ಸಿಕ್ಕಿದ. ಎಂಜಿನ್‌ನಿಂದ ಕಾರಿನ ಲೋಹದ ಮೈಗೆ (ಬಾಡಿ) ಹೋಗುವ ತಾಮ್ರದ ಹೆಣಿಗೆ ಪಟ್ಟಿ, ಅದರ ಬೋಲ್ಟ್ ಕೆಳಗೆಲ್ಲ ತುಕ್ಕು. ಎಂಜಿನ್, ಬಾಡಿ, ಬ್ಯಾಟರಿಯ ನೆಗೆಟಿವ್ ಇವನ್ನು ಸೇರಿಸುವ ಈ ದಾರಿಗೇ ಅರ್ತಿಂಗ್ ಅನ್ನುವುದು. ಅದಕ್ಕೇ ಈ ಟಿಪ್ಪಣಿಯಲ್ಲಿ ಬಿಚ್ಚೋದಕ್ಕಿಂತ ಅಳೆಯೋದೇ ಜಾಸ್ತಿ.

ಕೆಲವು ಗಂಟೆ ಸುಮ್ನೆ ನಿಂತಿದ್ದ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ (ವೋಲ್ಟ್, ಓಮ್ ಅಳೆಯುವ ಮೀಟರ್) 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಹೊಸ ಕಾರುಗಳಲ್ಲಿ ಇದನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತಿರುತ್ತದೆ, ಹಾಗಾಗಿ ಒಂದೇ ಸಲ ನೋಡಿ ತೀರ್ಪು ಕೊಡಬೇಡಿ.

ಈಗ ಮುಖ್ಯ ವಿಷಯ. ಬಹಳಷ್ಟು ಕಾರುಗಳಲ್ಲಿ ಆಲ್ಟರ್ನೇಟರ್‌ಗೆ ಬೇರೆ ನೆಗೆಟಿವ್ ವೈರ್ ಇರುವುದಿಲ್ಲ. ಅದರ ಲೋಹದ ಮೈಯೇ ನೆಗೆಟಿವ್. ಆ ಮೈ ಎಂಜಿನ್‌ಗೆ ಕಚ್ಚಿಕೊಂಡಿದೆ. ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ, ರಬ್ಬರ್‌ನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ? ಅದಕ್ಕೇ ಆ ಪಟ್ಟಿ ಬೇಕು. ತುಕ್ಕಿನಿಂದ ಅಲ್ಲಿ ಬರೀ 0.02 ಓಮ್ ತಡೆ ಬಂತು ಅಂದುಕೊಳ್ಳಿ. 60 ಆಂಪಿಯರ್ ಹರಿದರೆ 1.2 ವೋಲ್ಟ್ ಅಲ್ಲೇ ಖರ್ಚು. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ಸಿಗುವುದು 13.

ಇದನ್ನು ಓಮ್ ಮೋಡ್‌ನಲ್ಲಿ ಹುಡುಕಲು ಹೋಗಬೇಡಿ, ನಾನು ಮೋಸ ಹೋಗಿದ್ದು ಅಲ್ಲೇ. ಮೀಟರ್ ಕಳಿಸುವುದು ಚೂರೇ ಚೂರು ಕರೆಂಟ್. ಹತ್ತಾರು ಎಳೆ ಕಿತ್ತು ಒಂದೇ ಎಳೆ ಉಳಿದಿದ್ದರೂ ಸೊನ್ನೆ ಓಮ್ ತೋರಿಸುತ್ತದೆ. ಲೋಡ್ ಇರುವಾಗಲೇ ವೋಲ್ಟ್ ಅಳೆಯಬೇಕು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋಯರ್ ಎಲ್ಲ ಹಾಕಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಆಲ್ಟರ್ನೇಟರ್ ಮೈ ಮೇಲೆ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತಿಂಗ್ ಕೆಟ್ಟಿದೆ. ಪಾಸಿಟಿವ್ ಕಡೆಯನ್ನೂ ಹೀಗೇ ನೋಡಿ, ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಇನ್ನೊಂದು ಆಲ್ಟರ್ನೇಟರ್ ಹಿಂದೆ ದಪ್ಪ ವೈರ್ ಕೂತಿರುವ ಬೋಲ್ಟ್ ಮೇಲೆ. ಕೈ, ವೈರ್, ತೋಳು ಯಾವುದೂ ಬೆಲ್ಟ್ ಹತ್ತಿರ ಹೋಗದಿರಲಿ. ಪರೀಕ್ಷೆಗೆ ಅಂತ ಓಡುವ ಎಂಜಿನ್‌ನಲ್ಲಿ ಬ್ಯಾಟರಿ ವೈರ್ ಕೀಳುವ ಹಳೆಯ ಅಭ್ಯಾಸ ಬೇಡವೇ ಬೇಡ. ವೋಲ್ಟೇಜ್ ಒಮ್ಮೆಲೇ ಜಿಗಿದು ಎಲೆಕ್ಟ್ರಾನಿಕ್ಸ್ ಸುಡಬಹುದು.

ಎರಡೂ ಕಡೆ ಸರಿಯಿದ್ದು ಚಾರ್ಜ್ ಮಾತ್ರ ಬರುತ್ತಿಲ್ಲ, ಫ್ಯೂಸ್, ಆಲ್ಟರ್ನೇಟರ್‌ನ ವೈರ್ ಪ್ಲಗ್, ಬೆಲ್ಟ್ ಕೂಡ ಚೆನ್ನಾಗಿವೆ ಅಂದರೆ ಮಾತ್ರ ಬಿಚ್ಚಿ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರ್ ನೇರ ಬ್ಯಾಟರಿಯಿಂದ ಬಂದಿರುತ್ತದೆ, ಕೀ ತೆಗೆದಿಟ್ಟರೂ ಅದರಲ್ಲಿ ಕರೆಂಟ್ ಇರುತ್ತದೆ. ಸ್ಪ್ಯಾನರ್ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಬೆಲ್ಟ್ ಯಾವ ಪುಲ್ಲಿ ಸುತ್ತಿ ಬಂದಿದೆ ಅಂತ ಫೋಟೋ ತೆಗೆದುಕೊಳ್ಳಿ. ಆಮೇಲೆ ಬೆಲ್ಟ್ ಬಿಗಿ ಹಿಡಿದಿರುವ ಟೆನ್ಷನರ್ ಸಡಿಲ ಮಾಡಿ, ಬೆಲ್ಟ್ ತೆಗೆದು, ವೈರ್, ಪ್ಲಗ್, ಬೋಲ್ಟ್ ಬಿಚ್ಚಿ. ಹೊಸದನ್ನು ಹಳೆಯದರ ಪಕ್ಕ ಇಟ್ಟು ಪುಲ್ಲಿ, ಪ್ಲಗ್, ಬೋಲ್ಟ್ ತೂತು ಹೋಲಿಸಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಮೊದಲು ಚಾರ್ಜರ್‌ಗೆ ಹಾಕಿ, ಇಲ್ಲದಿದ್ದರೆ ಹೊಸ ಆಲ್ಟರ್ನೇಟರ್ ಮೊದಲ ದಿನವೇ ಕಾದುಹೋಗಬಹುದು.

ಅರ್ತಿಂಗ್ ಸರಿಮಾಡುವುದು ಹದಿನೈದು ನಿಮಿಷದ ಕೆಲಸ, ಇದಕ್ಕೂ ನೆಗೆಟಿವ್ ಬಿಚ್ಚಿರಲಿ. ಬೋಲ್ಟ್ ತೆಗೆದು ಪಟ್ಟಿಯ ತುದಿ, ಅದು ಕೂರುವ ಜಾಗ ಎರಡನ್ನೂ ವೈರ್ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಅಲ್ಲಿ ಪೇಂಟ್ ಇದ್ದರೂ ತೊಂದರೆಯೇ. ಬಿಗಿಯಾಗಿ ಕೂರಿಸಿ, ಆಮೇಲೆ ನೀರು ಇಳಿಯದಂತೆ ಮೇಲೆ ಗ್ರೀಸ್ ಸವರಿ. ಎಳೆಗಳು ಹಸಿರುಗಟ್ಟಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಪಟ್ಟಿಯನ್ನೇ ಬದಲಾಯಿಸಿ.

ಕೆಲಸ ಮುಗಿದ ಮೇಲೆ ಅದೇ ಅಳತೆ ಇನ್ನೊಮ್ಮೆ. ನನ್ನ ಕಾರಿನಲ್ಲಿ ನೆಗೆಟಿವ್ ಕಡೆ 0.9 ಇದ್ದದ್ದು 0.06ಕ್ಕೆ ಇಳಿಯಿತು. ಅಷ್ಟರಲ್ಲಿ ಹಳೆಯ ಆಲ್ಟರ್ನೇಟರ್ ಗುಜರಿಗೆ ಹೋಗಿಯಾಗಿತ್ತು.