ಜಾಮ್ ಆದ ಪ್ಲಗ್: ಮೊದಲು ಬಿಗಿ ಮಾಡಿ, ಆಮೇಲೆ ಬಿಚ್ಚಿ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಒಂದು ಮಾತು ಮಾತ್ರ ಬದಲಾಗುವುದಿಲ್ಲ. "ಅಣ್ಣಾ, ಪ್ಲಗ್ ಸ್ವಲ್ಪ ತಿರುಗ್ತು, ಆಮೇಲೆ ನಿಂತೋಯ್ತು. ಪೈಪ್ ಹಾಕಿ ಎಳೀಲಾ?" ಎಳೆಯಬೇಡಿ. ಸ್ಪ್ಯಾನರ್ ಹಿಡಿ ಉದ್ದ ಮಾಡಲು ಹಾಕುವ ಆ ಪೈಪನ್ನು ಮೊದಲು ದೂರ ಇಡಿ.

ಇದು ಹಳೇ ಪೆಟ್ರೋಲ್-ಸೀಮೆಎಣ್ಣೆ ಟ್ರ್ಯಾಕ್ಟರ್‌ಗಳ ಸ್ಪಾರ್ಕ್ ಪ್ಲಗ್ಗಿನ ವಿಷಯ, ಅಂದರೆ ಸಿಲಿಂಡರ್ ಒಳಗೆ ಕಿಡಿ ಕೊಡುವ ಪ್ಲಗ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಗಾಡಿಗಳು. ಇವುಗಳಲ್ಲಿ ಹೆಸರುವಾಸಿಯಾದದ್ದು ಬೂದು ಬಣ್ಣದ ಫರ್ಗುಸನ್ ಟಿಇ20. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗುತ್ತಿತ್ತು. ಈಗಿನ ಟ್ರ್ಯಾಕ್ಟರ್‌ಗಳು ಹೆಚ್ಚಿನವು ಡೀಸೆಲ್, ಅವಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಹಾಗಾಗಿ ಹೊಸ ಮೆಕ್ಯಾನಿಕ್ ಹುಡುಗರಿಗೆ ಈ ಕೆಲಸ ರೂಢಿಯಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ.

ಪ್ಲಗ್ ಎರಡು ಕಡೆ ಹಿಡಿದುಕೊಂಡಿರುತ್ತದೆ. ಮೇಲಿನ ಥ್ರೆಡ್‌ಗಳಲ್ಲಿ ತುಕ್ಕು. ಪ್ಲಗ್ಗಿನ ಮೈ ಉಕ್ಕು, ಅದು ಕೂರುವ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಎರಕದ ಕಬ್ಬಿಣ. ಮಲೆನಾಡಿನ ಮಳೆಗಾಲದಲ್ಲಿ ಶೆಡ್ ಒಳಗಿದ್ದರೂ ಪಸೆ ಬಿಡುವುದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಥ್ರೆಡ್ ಸಂದಿಯಲ್ಲಿ ಜಾಗ ಎಲ್ಲಿದೆ? ಅಲ್ಲೇ ಬಿಗಿದುಕೊಳ್ಳುತ್ತದೆ. ಇನ್ನು ಕೆಳಗೆ, ಬೆಂಕಿಯ ಕಡೆ ಇರುವ ಥ್ರೆಡ್‌ಗಳಲ್ಲಿ ಕಾರ್ಬನ್. ಸೀಮೆಎಣ್ಣೆಯಲ್ಲಿ ಓಡಿದ ಇಂಜಿನ್‌ನಲ್ಲಿ ಇದು ಗಟ್ಟಿಯಾಗಿ ಕೂತಿರುತ್ತದೆ. ಎಣ್ಣೆ ಬಿಟ್ಟರೆ ತುಕ್ಕು ಸಡಿಲ ಆಗುತ್ತದೆ. ಆದರೆ ಪ್ಲಗ್ ಮೇಲೆ ಬರುತ್ತಿದ್ದಂತೆ ಕೆಳಗಿನ ಕಾರ್ಬನ್ ಕೂಡ ಒಳ್ಳೆ ಥ್ರೆಡ್ಡಿನೊಳಗೆ ನುಗ್ಗುತ್ತದೆ. "ತಿರುಗ್ತು, ನಿಂತೋಯ್ತು" ಅನ್ನುವುದು ಇದೇ. ಬಲ ಹಾಕಿದವರ ಪ್ಲಗ್ ಮುರಿಯುವುದೋ, ಹೆಡ್ಡಿನ ಥ್ರೆಡ್ ಹರಿಯುವುದೋ ಈ ಜಾಗದಲ್ಲೇ.

ಮೊದಲ ದಿನ ಸ್ಪ್ಯಾನರ್ ಮುಟ್ಟುವುದೇ ಬೇಡ. ಪ್ಲಗ್ ಸುತ್ತ ಇರುವ ಮಣ್ಣು, ಎಲೆ, ಇಲಿ ಗೂಡು ಎಲ್ಲ ಬ್ರಷ್‌ನಿಂದ ತೆಗೆದು ಗಾಳಿ ಹೊಡೆಯಿರಿ. ಸೈಕಲ್ ಪಂಪ್ ಆದರೂ ಸಾಕು. ಇಲ್ಲದಿದ್ದರೆ ಪ್ಲಗ್ ಎದ್ದ ಕೂಡಲೇ ಆ ಕಸ ಸಿಲಿಂಡರ್‌ಗೆ ಬೀಳುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಅಂಗಡಿಯ ಸ್ಪ್ರೇ ಆಗಬಹುದು. ನನಗೆ ನಂಬಿಕೆ ಇರುವುದು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಗಾಡಿಗಳಿಗೆ ಹಾಕುವ ಆಯಿಲ್ (ಎಟಿಎಫ್) ಸಮ ಸಮ ಬೆರೆಸಿದ್ದರಲ್ಲಿ. ಸುಮ್ನೆ ಇಟ್ಟರೆ ಬೇರೆಬೇರೆ ಆಗುತ್ತದೆ, ಪ್ರತಿ ಸಲ ಅಲ್ಲಾಡಿಸಬೇಕು. ಅಸಿಟೋನ್ ಪೇಂಟ್ ತಿನ್ನುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಬೀಡಿ ಸೇದುವವರು ಆಚೆ ಹೋಗಲಿ. ಬೆಳಿಗ್ಗೆ ನಾಲ್ಕು ಹನಿ, ಸಂಜೆ ನಾಲ್ಕು ಹನಿ, ಎರಡು ದಿನ.

ಇಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ಸ್ವಲ್ಪ ಹೊತ್ತು ಓಡಿಸಿ, ಉಗುರುಬೆಚ್ಚಗೆ ಆಗುವವರೆಗೆ ಆರಲು ಬಿಟ್ಟು ಎಣ್ಣೆ ಹಾಕಿ. ಆರುತ್ತಾ ಆರುತ್ತಾ ಸಂದಿಗೆ ಎಳೆದುಕೊಳ್ಳುತ್ತದೆ. ಗ್ಯಾಸ್ ಕಟರ್ ಬೆಂಕಿ ಹಿಡಿಯುವ ಯೋಚನೆ ಮಾತ್ರ ಬೇಡ. ಫರ್ಗುಸನ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಕೂತಿರುವುದೇ ಇಂಜಿನ್ ತಲೆ ಮೇಲೆ! ಅಂದಹಾಗೆ, ಈ ಬೆಚ್ಚಗೆ ಮಾಡುವ ಉಪಾಯ ಎರಕದ ಕಬ್ಬಿಣದ ಹೆಡ್‌ಗೆ ಮಾತ್ರ. ಬೈಕ್, ಔಷಧಿ ಹೊಡೆಯುವ ಪಂಪ್ ಇವುಗಳ ಹೆಡ್ ಅಲ್ಯೂಮಿನಿಯಂ. ಅವುಗಳ ಪ್ಲಗ್ ಪೂರ್ತಿ ತಣ್ಣಗಾದ ಮೇಲೇ ಬಿಚ್ಚಬೇಕು.

ಸಾಕೆಟ್ ಆರು ಮೂಲೆಯದ್ದೇ ಇರಲಿ, ಹನ್ನೆರಡು ಮೂಲೆಯದ್ದು ಜಾರಿ ಪ್ಲಗ್ಗಿನ ತಲೆ ಸವೆಸುತ್ತದೆ. 14 ಮಿ.ಮೀ. ಥ್ರೆಡ್ಡಿನ ಹಳೇ ಪ್ಲಗ್‌ಗೆ ಸಾಮಾನ್ಯವಾಗಿ 21 ಮಿ.ಮೀ. ಸಾಕೆಟ್. ನೇರವಾಗಿ ಹಿಡಿಯಿರಿ, ಓರೆಯಾದರೆ ಪ್ಲಗ್ಗಿನ ಪಿಂಗಾಣಿ ಒಡೆಯುತ್ತದೆ. ಈಗ ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿ. ಕೂದಲೆಳೆಯಷ್ಟು ಅಲ್ಲಾಡಿದರೆ ಸಾಕು, ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಆಮೇಲೆ ಬಿಚ್ಚುವ ಕಡೆ ಕಾಲು ಸುತ್ತಿಗಿಂತ ಕಮ್ಮಿ. ಎಣ್ಣೆ ಹಾಕಿ. ವಾಪಸ್ ಬಿಗಿ ಮಾಡುವ ಕಡೆಗೆ. ಮತ್ತೆ ಬಿಚ್ಚುವ ಕಡೆಗೆ, ಹೋದ ಸಲಕ್ಕಿಂತ ಸ್ವಲ್ಪ ಜಾಸ್ತಿ. ಕಿರ್ ಅಂದರೆ ಒಣಗಿದೆ ಅಂತ, ಎಣ್ಣೆ ಕೇಳುತ್ತಿದೆ. ಒಂದೊಂದು ಪ್ಲಗ್‌ಗೆ ಅರ್ಧ ಗಂಟೆ ಹಿಡಿದರೂ ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಗೊತ್ತಾಗುತ್ತದೆ. ಹ್ಯಾಂಡಲ್ ಬರುತ್ತಿದೆ, ಆದರೆ ಬಿಟ್ಟ ಕೂಡಲೇ ವಾಪಸ್ ಹೋಗುತ್ತಿದೆ ಅಂದರೆ ಪ್ಲಗ್ ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಇನ್ನೊಂದು ಎಳೆತಕ್ಕೆ ತುಂಡಾಗುತ್ತದೆ. ಅಲ್ಲಿಗೆ ನಿಲ್ಲಿಸಿ ಹೆಡ್ ಬಿಚ್ಚಿ, ಲೇತ್ ಶಾಪ್‌ಗೆ ಒಯ್ಯಿರಿ. ಮುರಿದ ಪ್ಲಗ್ಗನ್ನು ಗಾಡಿಯ ಮೇಲೇ ಡ್ರಿಲ್ ಹಾಕಿ ತೆಗೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಿಂಗಾಣಿ ಚೂರು ಒಳಗೆ ಬಿದ್ದರೆ ಬೋರ್‌ನಲ್ಲಿ, ಅಂದರೆ ಸಿಲಿಂಡರ್ ಒಳಗೋಡೆಯಲ್ಲಿ, ಗೆರೆ ಎಳೆಯುತ್ತದೆ, ಹೆಡ್ ಬಿಚ್ಚದೆ ಅದರ ಕೆಳಗಿನ ಗ್ಯಾಸ್ಕೆಟ್ ಉಳಿಸಲು ಹೋಗಿ ಬೋರಿಂಗ್ ಖರ್ಚು ತಲೆಗೆ ಬರುತ್ತದೆ. ಪ್ಲಗ್ಗಿನ ತಲೆ ಸವೆದಿದ್ದರೆ ಹೆಡ್ ಬಿಚ್ಚಿದ ಮೇಲೆ ಅದಕ್ಕೊಂದು ನಟ್ ವೆಲ್ಡ್ ಮಾಡಿಸಿ, ಆ ಶಾಖಕ್ಕೇ ಅರ್ಧ ಕೆಲಸ ಮುಗಿದಿರುತ್ತದೆ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸಬಹುದು.

ಪ್ಲಗ್‌ಗಳು ಚೆನ್ನಾಗಿ ಬಂದವೋ, ತಕ್ಷಣ ಸೆಲ್ಫ್ ಹೊಡೆಯಬೇಡಿ. ಪ್ರತಿ ರಂಧ್ರಕ್ಕೆ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಮೇಲೆ ಬಟ್ಟೆ ಮುಚ್ಚಿ, ಸ್ಟಾರ್ಟಿಂಗ್ ಹ್ಯಾಂಡಲ್‌ನಿಂದ ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ. ಹೊಸ ಪ್ಲಗ್ಗನ್ನು ಬೆರಳಲ್ಲೇ ವಾಷರ್ ಕೂರುವವರೆಗೆ ಹಾಕಬೇಕು, ಆಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಹಳೇ ವಾಷರ್ ಆದರೆ ಇನ್ನೂ ಕಮ್ಮಿ. ಥ್ರೆಡ್ ಹಿಡಿಯದಿರಲು ಕಾಪರ್ ಗ್ರೀಸ್ (ತಾಮ್ರದ ಪುಡಿ ಬೆರೆತ ಗ್ರೀಸ್) ಹಚ್ಚಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹೊಳೆಯುವ ಲೇಪನ ಇರುವ ಪ್ಲಗ್‌ಗೆ ಬೇಡ ಅಂತ ತಯಾರಕರೇ ಹೇಳುತ್ತಾರೆ. ಲೇಪನ ಇಲ್ಲದ ಕಪ್ಪು ಮೈಯದ್ದಾದರೆ ಮೇಲಿನ ಥ್ರೆಡ್‌ಗಳಿಗೆ ತೆಳ್ಳಗೆ ಸವರಿ, ತುದಿಗೆ ತಾಗಿಸಬೇಡಿ. ಗ್ರೀಸ್ ಇದ್ದರೆ ಜಾರುವುದರಿಂದ ಗೊತ್ತಿಲ್ಲದೆ ಅತಿ ಬಿಗಿಯಾಗುತ್ತದೆ, ಕೈ ಹಗುರ ಇರಲಿ. ಗಾಡಿ ಮಳೆಗಾಲವೆಲ್ಲ ನಿಲ್ಲುವುದಾದರೆ ಮೇ ತಿಂಗಳಲ್ಲೇ ನಾಲ್ಕೂ ಪ್ಲಗ್ ಒಮ್ಮೆ ಬಿಚ್ಚಿ, ಒಳಗೆ ಎಣ್ಣೆ ಬಿಟ್ಟು, ಮತ್ತೆ ಹಾಕಿಡಿ.