ಕೂಲರ್‌ಗೆ ಸವಳು ನೀರು ಹಾಕಿದರೆ ಉಪ್ಪು ಗಾಳಿಗೆ ಬರುತ್ತದೆಯೇ?

ಪ್ರಶ್ನೆ: ನಾವು ವಿಜಯಪುರದವರು. ಮನೆಯಲ್ಲಿ ಬಳಸಲು ಬೋರ್ ನೀರೇ ಗತಿ, ಅದು ಬಹಳ ಸವಳು. ಬೇಸಿಗೆಯಲ್ಲಿ ಕೂಲರ್‌ಗೂ ಅದನ್ನೇ ಹಾಕುತ್ತೇವೆ. ಒಂದು ತಿಂಗಳೊಳಗೆ ಪ್ಯಾಡ್ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂರುತ್ತದೆ. ನಮ್ಮ ತಾಯಿಗೆ ದಮ್ಮು ಇದೆ. ಆ ಉಪ್ಪನ್ನೆಲ್ಲ ಅವರು ಉಸಿರಿನಲ್ಲಿ ಎಳೆದುಕೊಳ್ಳುತ್ತಿದ್ದಾರೆ ಎಂಬ ಹೆದರಿಕೆ. ಕೂಲರ್‌ಗೆ ಆರ್‌ಒ ನೀರು ಹಾಕಬೇಕೇ?

ಉತ್ತರ: ಆರ್‌ಒ ನೀರು ಬೇಕಾಗಿಲ್ಲ. ಕೂಲರ್ ಸರಿಯಾಗಿ ಓಡುತ್ತಿದ್ದರೆ ಆ ಉಪ್ಪು ನಿಮ್ಮ ತಾಯಿಯವರ ಎದೆಗೆ ಇಳಿಯುವುದಿಲ್ಲ. ಪ್ಯಾಡ್ ಮೇಲಿನ ಬಿಳಿ ಪದರವೇ ಅದನ್ನು ಹೇಳುತ್ತಿದೆ. ಉಪ್ಪು ಅಲ್ಲೇ ಉಳಿದಿರುವುದರಿಂದ ತಾನೇ ಕಣ್ಣಿಗೆ ಕಾಣುತ್ತಿರುವುದು? ಆದರೆ ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಮನೆಯ ನೀರು ಮನೆಯ ಗಾಳಿಯನ್ನು ಕೆಡಿಸುವ ದಾರಿಗಳು ಬೇರೆ ಇವೆ. ದಮ್ಮು ಇರುವವರ ಮನೆಯಲ್ಲಿ ಅವನ್ನು ತಿಳಿದಿರಲೇಬೇಕು.

ನೀರು ಗಾಳಿಗೆ ಸೇರುವುದು ಎರಡು ರೀತಿ. ಆವಿಯಾಗಿ, ಇಲ್ಲವೇ ಹನಿಯಾಗಿ. ಆವಿಯಾಗುವಾಗ ನೀರು ಮಾತ್ರ ಮೇಲೇಳುತ್ತದೆ. ಸುಣ್ಣದ ಅಂಶ, ಉಪ್ಪು, ಫ್ಲೋರೈಡ್ ಯಾವುದೂ ಅದರ ಜೊತೆ ಬರುವುದಿಲ್ಲ. ಒಂದು ಸ್ಟೀಲ್ ತಟ್ಟೆಯಲ್ಲಿ ಬೋರ್ ನೀರು ಹಾಕಿ ಬಿಸಿಲಿಗಿಟ್ಟು ನೋಡಿ. ಸಂಜೆಗೆ ನೀರು ಹೋಗಿರುತ್ತದೆ, ಬಿಳಿ ಕಲೆ ಉಳಿದಿರುತ್ತದೆ. ಹನಿಯಾದರೆ ಹಾಗಲ್ಲ. ನೀರಿನಲ್ಲಿ ಏನೇನು ಇತ್ತೋ ಎಲ್ಲವೂ ಹನಿಯೊಳಗೆ ಇರುತ್ತದೆ. ಹನಿ ಗಾಳಿಯಲ್ಲೇ ಒಣಗುತ್ತದೆ, ಒಳಗಿದ್ದ ಉಪ್ಪು ಸಣ್ಣ ಪುಡಿಯಾಗಿ ತೇಲುತ್ತದೆ. ನೀರಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅವೂ ಹಾಗೇ ಬರುತ್ತವೆ.

ಕೂಲರ್ ಕೆಲಸ ಮಾಡುವುದು ಆವಿಯಿಂದ. ವಿಜಯಪುರದ ಏಪ್ರಿಲ್, ಮೇ ತಿಂಗಳ ಗಾಳಿ ಅಷ್ಟು ಒಣ ಇರುವುದರಿಂದಲೇ ಇಲ್ಲಿ ಕೂಲರ್ ಇಷ್ಟು ಚೆನ್ನಾಗಿ ತಂಪು ಕೊಡುತ್ತದೆ. ಎಷ್ಟು ಉಪ್ಪು ಉಳಿಯುತ್ತದೆ ಎಂದು ಲೆಕ್ಕ ಹಾಕೋಣ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್‌ನಲ್ಲಿ ಕರಗಿದ ಲವಣ 500 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರು ಸಿಗದಿದ್ದರೆ 2000ದವರೆಗೆ ಒಪ್ಪುತ್ತಾರೆ. ನಿಮ್ಮ ಬೋರ್ ನೀರಿನಲ್ಲಿ 1500 ಇದೆ ಎಂದುಕೊಳ್ಳಿ. ಕೂಲರ್ ದಿನಕ್ಕೆ 40 ಲೀಟರ್ ನೀರು ಕುಡಿದರೆ 60 ಗ್ರಾಂ ಉಪ್ಪು ಹಿಂದೆ ಉಳಿಯುತ್ತದೆ. ಹಳೇ ನೀರು ಚೆಲ್ಲದೆ ಮೇಲೆ ಮೇಲೆ ತುಂಬಿಸುತ್ತಾ ಹೋದರೆ ವಾರಕ್ಕೆ 420 ಗ್ರಾಂ. ಅದೆಲ್ಲ ಪ್ಯಾಡ್‌ನಲ್ಲಿ, ಟ್ಯಾಂಕಿನ ತಳದಲ್ಲಿ, ಪಂಪಿನ ಸುತ್ತ ಕೂರುತ್ತದೆ.

ಸಮಸ್ಯೆ ಶುರುವಾಗುವುದು ಇಲ್ಲಿ. ಪದರ ಕಟ್ಟಿದ ಪ್ಯಾಡ್‌ನಲ್ಲಿ ನೀರು ಒಂದೇ ಸಮ ಇಳಿಯುವುದಿಲ್ಲ. ಕೆಲವು ಕಡೆ ಒಣ, ಕೆಲವು ಕಡೆ ಧಾರೆ. ಗಾಳಿ ತೆರೆದ ಸಂದಿಗಳಲ್ಲಿ ಜೋರಾಗಿ ನುಗ್ಗಿ ನೀರನ್ನು ಹನಿಯಾಗಿ ಎತ್ತಿಕೊಂಡು ಬರುತ್ತದೆ. ಹುಲ್ಲಿನ ಪ್ಯಾಡ್ ಹರಿದು ತೂತು ಬಿದ್ದಿದ್ದರೂ, ಪಂಪ್ ಜಾಸ್ತಿ ನೀರು ಸುರಿಯುತ್ತಿದ್ದರೂ ಹೀಗೇ ಆಗುತ್ತದೆ. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಕೂಲರ್ ಮುಂದೆ ಐದಾರು ಅಡಿ ದೂರದಲ್ಲಿ ಒಂದು ಕಪ್ಪು ಬಣ್ಣದ ತಟ್ಟೆ ಅಥವಾ ಗಾಜನ್ನು ರಾತ್ರಿ ಪೂರ್ತಿ ಇಡಿ. ಬೆಳಗ್ಗೆ ಅದರ ಮೇಲೆ ಸಣ್ಣ ಸಣ್ಣ ಬಿಳಿ ಉಂಗುರಗಳು ಕಂಡರೆ ಹನಿ ಹಾರುತ್ತಿದೆ ಎಂದರ್ಥ. ಬರೀ ತೆಳು ಧೂಳು ಸಮನಾಗಿ ಕೂತಿದ್ದರೆ ಅದು ಬೀದಿಯ ಧೂಳು. ಉಂಗುರ ಕಂಡರೆ ಪ್ಯಾಡ್ ಬದಲಿಸಿ, ಪಂಪಿನ ನೀರು ಕಡಿಮೆ ಮಾಡಿ.

ಆದರೆ ನಿಮ್ಮ ತಾಯಿಯವರ ವಿಷಯದಲ್ಲಿ ನನಗೆ ಉಪ್ಪಿಗಿಂತ ಜಾಸ್ತಿ ಚಿಂತೆ ಇರುವುದು ಹಳಸಿದ ನೀರು ಮತ್ತು ಮುಚ್ಚಿದ ಕಿಟಕಿಯದು. ಕೂಲರ್ ಹಚ್ಚಿ, ತಂಪು ಹೊರಗೆ ಹೋಗಬಾರದು ಎಂದು ಬಾಗಿಲು ಕಿಟಕಿ ಎಲ್ಲ ಹಾಕಿಕೊಳ್ಳುತ್ತೇವೆ. ಇದು ಎಸಿ ಅಲ್ಲ. ಕೂಲರ್ ಒಂದೇ ಸಮನೆ ನೀರಿನ ಆವಿಯನ್ನು ಒಳಗೆ ತುಂಬುತ್ತಿರುತ್ತದೆ. ಆ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೋಣೆ ಜಿಗುಟಾಗುತ್ತದೆ, ತಂಪೂ ನಿಲ್ಲುತ್ತದೆ. ತೇವ ಶೇ 60 ದಾಟಿದ ಕೋಣೆಯಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಾಸಿಗೆ ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳಗಳು ಹೆಚ್ಚುತ್ತವೆ. ದಮ್ಮು ಕೆರಳಿಸುವುದರಲ್ಲಿ ಇವೆರಡೂ ಮುಂದು. ಆದ್ದರಿಂದ ಕೂಲರ್ ಹೊರಗಿನ ಗಾಳಿ ಎಳೆಯುವಂತೆ ಕಿಟಕಿಗೆ ಇಡಿ, ಎದುರು ಗೋಡೆಯ ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಖರ್ಚಿಲ್ಲದ ಈ ಒಂದು ಕೆಲಸ ಆರ್‌ಒ ನೀರಿಗಿಂತ ಎಷ್ಟೋ ಪಾಲು ಉಪಯೋಗಕ್ಕೆ ಬರುತ್ತದೆ.

ನೀರನ್ನು ಎರಡು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ. ವಾರಕ್ಕೊಮ್ಮೆ ಟ್ಯಾಂಕನ್ನು ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ. ತಿಕ್ಕುವುದು ಯಾಕೆಂದರೆ ಡೆಂಗಿ ಹರಡುವ ಸೊಳ್ಳೆ ಟ್ಯಾಂಕಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ನೀರು ಚೆಲ್ಲಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಕೈಗೆ ಜಾರುವ ಲೋಳೆ ಪದರ ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಕೂಲರ್ ಹಚ್ಚಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಸೆಂಟು, ಕರ್ಪೂರ, ಫಿನಾಯಿಲ್ ಹಾಕಿ ಮುಚ್ಚಬೇಡಿ. ದಮ್ಮಿನವರಿಗೆ ಆ ಘಾಟು ಇನ್ನಷ್ಟು ಕೆಟ್ಟದ್ದು.

ನಿಂತ ನೀರಿನ ಬಗ್ಗೆ ಇಷ್ಟು ಹೇಳುವುದಕ್ಕೆ ಒಂದು ಹಳೇ ಕಾರಣವಿದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲ್‌ನಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆದಿತ್ತು. ಅಲ್ಲಿಗೆ ಬಂದವರಲ್ಲಿ ಅನೇಕರಿಗೆ ನ್ಯುಮೋನಿಯಾ ಆಗಿ ಹಲವರು ತೀರಿಕೊಂಡರು. ಮರುವರ್ಷ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅದು 20ರಿಂದ 45 ಡಿಗ್ರಿ ಬಿಸಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ, ನೀರಿನ ಹನಿಯ ಜೊತೆ ಉಸಿರಿಗೆ ಸೇರುತ್ತದೆ. ಓಡುತ್ತಿರುವ ಕೂಲರ್‌ನ ನೀರು ತಂಪಾಗಿರುವುದರಿಂದ ಅಪಾಯ ಕಡಿಮೆ. ಊರಿಗೆ ಹೋಗಿ ವಾರ ಬಿಟ್ಟು ಬಂದಾಗ ಬಿಸಿಲಿಗೆ ಕಾದು ನಿಂತ ನೀರು ಹಾಗಲ್ಲ. ಅದನ್ನು ಚೆಲ್ಲಿ, ತೊಳೆದು, ಆಮೇಲೆ ಸ್ವಿಚ್ ಹಾಕಿ. ಬಹಳ ದಿನ ಬಳಸದ ಶವರ್ ಇದ್ದರೂ ಮೊದಲು ಕಿಟಕಿ ತೆಗೆದು ಸ್ವಲ್ಪ ಹೊತ್ತು ನೀರು ಹರಿಯಬಿಡಿ.

ಇನ್ನು ಸವಳು ನೀರು ನಿಜವಾಗಿಯೂ ಗಾಳಿಗೆ ಏರುವ ಯಂತ್ರ ಒಂದಿದೆ. ಮಕ್ಕಳಿಗೆ ನೆಗಡಿ ಎಂದು ಈಗ ಬಹಳ ಮನೆಗಳಲ್ಲಿ ತರಿಸುತ್ತಿರುವ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್. ಬಿಳಿ ಹೊಗೆಯಂತೆ ಬಿಡುತ್ತದಲ್ವಾ, ಅದು ಆವಿ ಅಲ್ಲ, ಹನಿಗಳ ಮಂಜು. ಅದಕ್ಕೆ ನಿಮ್ಮ 1500ರ ಬೋರ್ ನೀರು ರಾತ್ರಿಗೆ 2 ಲೀಟರ್ ಹಾಕಿದರೆ 3 ಗ್ರಾಂ ಉಪ್ಪು ಗಾಳಿಗೆ ಹೋಗುತ್ತದೆ. ಮೈಕ್ರೋಗ್ರಾಂ ಲೆಕ್ಕದಲ್ಲಿ 30 ಲಕ್ಷ. ಗಾಳಿಯ ಅತಿ ಸಣ್ಣ ಧೂಳಿಗೆ ನಮ್ಮ ದೇಶ ಇಟ್ಟಿರುವ 24 ಗಂಟೆಯ ಮಿತಿ ಒಂದು ಘನ ಮೀಟರ್‌ಗೆ 60 ಮೈಕ್ರೋಗ್ರಾಂ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಇರುವುದು 28 ಘನ ಮೀಟರ್ ಗಾಳಿ. ಅಂದರೆ ಇಡೀ ಕೋಣೆಗೆ ಸುಮಾರು 1,700 ಮೈಕ್ರೋಗ್ರಾಂ. ಆ 3 ಗ್ರಾಂನಲ್ಲಿ ಬಹುಪಾಲು ನೆಲಕ್ಕೆ ಬಿದ್ದು, ಸ್ವಲ್ಪ ಕಿಟಕಿಯಿಂದ ಹೊರಗೆ ಹೋದರೂ ಉಳಿದದ್ದು ಜಾಸ್ತಿಯೇ. ಟಿವಿ, ಮಂಚದ ಮೇಲೆ ಕೂರುವ ಬಿಳಿ ಪುಡಿ ಇದೇ. ಈ ಯಂತ್ರಕ್ಕೆ ಮಾತ್ರ ಆರ್‌ಒ ನೀರೇ ಬೇಕು. ಅದನ್ನೂ ದಿನಾ ಬದಲಿಸಬೇಕು, ಯಾಕೆಂದರೆ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ನಿಂತರೆ ಬೇಗ ಕೆಡುತ್ತದೆ.

ತಾಯಿಯವರಿಗೆ ನೆಬ್ಯುಲೈಸರ್ ಇದ್ದರೆ ಈ ಮಾತು ಹತ್ತು ಪಟ್ಟು ಮುಖ್ಯ. ಅದೂ ಹನಿ ಮಾಡುವ ಯಂತ್ರ, ಅದರ ಹನಿ ನೇರ ಪುಪ್ಪುಸಕ್ಕೆ ಹೋಗುತ್ತದೆ. ಔಷಧಿ ಬೆರೆಸಲು ಡಾಕ್ಟರ್ ಹೇಳಿದ ಸಲೈನ್ ಬಿಟ್ಟು ಬೋರ್ ನೀರು, ನಳದ ನೀರು, ಆರ್‌ಒ ನೀರು ಯಾವುದನ್ನೂ ಹಾಕಬಾರದು. ಕಪ್ಪನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಇಡಿ.

ಬಚ್ಚಲ ವಿಷಯ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಸವಳು ನೀರಿನ ಮನೆ ಎಂದರೆ ಟೈಲ್ಸ್ ಮೇಲೆ, ನಳದ ಮೇಲೆ ಬಿಳಿ ಕಲೆ. ಕಲೆ ತೆಗೆಯಲು ಆ್ಯಸಿಡ್ ಹಾಕುತ್ತೇವೆ. ಅದೇ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಕೂಡ ಹಾಕುತ್ತೇವೆ. ಇವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಯಾಡದ ಚಿಕ್ಕ ಬಚ್ಚಲಲ್ಲಿ ಗಟ್ಟಿ ಇರುವವರಿಗೂ ಎದೆ ಹಿಡಿಯುತ್ತದೆ, ದಮ್ಮಿನವರ ಗತಿ ಏನು? ಒಂದೇ ದಿನ ಎರಡನ್ನೂ ಬಳಸಲೇಬೇಡಿ. ಕಲೆಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್) ನೀರು ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿ, ನಿಧಾನವಾದರೂ ಹೋಗುತ್ತದೆ. ಕೂಲರ್ ಪ್ಯಾಡಿಗೂ ಅದೇ ಸಾಕು. ಆದರೆ ನಿಂಬೆ ಉಪ್ಪೂ ಹುಳಿಯೇ, ಬ್ಲೀಚಿಂಗ್ ಜೊತೆ ಅದನ್ನೂ ಸೇರಿಸಬಾರದು. ತಪ್ಪಿ ಸೇರಿ ಘಾಟು ಎದ್ದರೆ ನೀರು ಸುರಿಯಲು ನಿಲ್ಲದೆ ಮೊದಲು ಎಲ್ಲರೂ ಹೊರಗೆ ಬನ್ನಿ.

ಬಚ್ಚಲಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಎನ್ನುವವರೂ ಇದ್ದಾರೆ. ಒಂದು ಲೋಟ ನೀರನ್ನು ಅಂಗಳಕ್ಕೆ ತಂದು ಮೂಸಿ ನೋಡಿ. ಅಲ್ಲಿಯೂ ನಾತ ಬಂದರೆ ಬೋರ್ ನೀರಿನಲ್ಲೇ ಗಂಧಕದ ಅನಿಲ ಇದೆ, ನೀರನ್ನು ಪರೀಕ್ಷೆಗೆ ಕೊಡಿ. ಬಿಸಿ ನೀರಿಗೆ ಮಾತ್ರ ಬಂದರೆ ಗೀಸರ್ ಒಳಗಿನ ಮೆಗ್ನೀಸಿಯಂ ಸರಳು ನೋಡಿಸಿ. ಹೊರಗೆ ವಾಸನೆ ಇಲ್ಲದಿದ್ದರೆ ದೋಷ ನೀರಿನದ್ದಲ್ಲ, ಮೋರಿಯದು. ಬಳಸದ ಜಾಲರಿಯ ಕೆಳಗೆ ನಿಲ್ಲುವ ನೀರು ಒಣಗಿದ್ದರೆ ಗಟಾರದ ಗಾಳಿ ಒಳಗೆ ಬರುತ್ತದೆ. ಒಂದು ಚೊಂಬು ನೀರು ಸುರಿದರೆ ನಿಲ್ಲುತ್ತದೆ.

ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಉಳಿತಾಯ ಎಂದು ಕೂಲರ್‌ಗೆ ಸುರಿಯುವ ರೂಢಿ ಇದೆ. ಅದು ನಿಮ್ಮ ಬೋರ್ ನೀರಿಗಿಂತಲೂ ಸವಳು, ಪ್ಯಾಡ್ ಇನ್ನೂ ಬೇಗ ಹಾಳಾಗುತ್ತದೆ. ಅದನ್ನು ಅಂಗಳ ತೊಳೆಯಲು, ಸಂಡಾಸಿಗೆ ಇಟ್ಟುಕೊಳ್ಳಿ. ಓಣಿಯ ನಳಕ್ಕೆ ಕೃಷ್ಣೆಯ ನೀರು ಬಂದ ದಿನ ಕುಡಿಯಲು, ಅಡುಗೆಗೆ ತುಂಬಿಕೊಂಡು ಮಿಕ್ಕರೆ ನಾಲ್ಕು ಕೊಡ ಕೂಲರ್‌ಗೆ ಹಾಕಿ. ಮಿಗದಿದ್ದರೆ ಬೋರ್ ನೀರೇ ಸಾಕು, ಎರಡು ದಿನಕ್ಕೊಮ್ಮೆ ಚೆಲ್ಲುವುದನ್ನು ಮಾತ್ರ ತಪ್ಪಿಸಬೇಡಿ. ಇಷ್ಟೆಲ್ಲ ಮಾಡಿದ ಮೇಲೂ ಕೂಲರ್ ಹಚ್ಚಿದಾಗಲೆಲ್ಲ ತಾಯಿಯವರಿಗೆ ಕೆಮ್ಮು, ಉಬ್ಬಸ ಜಾಸ್ತಿಯಾದರೆ ಕೆಲವು ದಿನ ಅದನ್ನು ನಿಲ್ಲಿಸಿ ನೋಡಿ, ಆದದ್ದನ್ನು ಅವರ ಡಾಕ್ಟರ್‌ಗೆ ಹೇಳಿ. ಇನ್‌ಹೇಲರ್ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.