ಇಂಗ್ಲಿಷ್ ಆಡುವವರಿಗೆ ಬೇರೆ ಭಾಷೆ ಯಾಕೆ ಹತ್ತುವುದಿಲ್ಲ?

1578ರಲ್ಲಿ ಇಟಲಿ ಮೂಲದ ಜಾನ್ ಫ್ಲೋರಿಯೋ ಎಂಬ ಭಾಷಾ ಮೇಷ್ಟರು ಲಂಡನ್ನಿನಲ್ಲಿ ಇಟಾಲಿಯನ್ ಕಲಿಸುವ ಪಠ್ಯವೊಂದನ್ನು ಅಚ್ಚು ಹಾಕಿಸಿದರು. ಅದರ ಸಂಭಾಷಣೆಯೊಂದರಲ್ಲಿ ಇಂಗ್ಲಿಷ್ ಭಾಷೆಯ ಪ್ರಸ್ತಾಪ ಬರುತ್ತದೆ: ಇಂಗ್ಲೆಂಡಿನೊಳಗೆ ಅದರಿಂದ ಉಪಯೋಗವುಂಟು, ಕಡಲಂಚಿನ ಡೋವರ್ ಬಂದರು ದಾಟಿದರೆ ಅದಕ್ಕೆ ಬೆಲೆಯೇ ಇಲ್ಲ. ಅಂದಿನ ಸ್ಥಿತಿ ನಿಜಕ್ಕೂ ಹಾಗೇ ಇತ್ತು. ಇಂಗ್ಲೆಂಡಿನ ಜನಸಂಖ್ಯೆ 35 ಲಕ್ಷದ ಆಸುಪಾಸು. ಕಡಲ ಆಚೆ ಇಂಗ್ಲಿಷ್ ಬಲ್ಲವರನ್ನು ಹುಡುಕಬೇಕಾಗಿತ್ತು. ಹಾಗಾಗಿ ಉಣ್ಣೆಬಟ್ಟೆ ಮಾರಲು ಹೋಗುವ ವ್ಯಾಪಾರಿ, ರಾಯಭಾರಿ, ವಿದ್ವಾಂಸ ಎಲ್ಲರೂ ಲ್ಯಾಟಿನ್ನೋ ಫ್ರೆಂಚೋ ಇಟಾಲಿಯನ್ನೋ ಕಲಿಯುತ್ತಿದ್ದರು. ಸಿಂಹಾಸನದ ಮೇಲಿದ್ದ ಮೊದಲನೆಯ ಎಲಿಜಬೆತ್ ರಾಣಿಗೆ ಈ ಮೂರೂ ಬರುತ್ತಿದ್ದವು, ಗ್ರೀಕನ್ನೂ ಓದಿಕೊಂಡಿದ್ದಳು.

ಅದೇ ನಾಡಿನ ಜನರ ಬಗ್ಗೆ ಇವತ್ತು ಜಗತ್ತಿಡೀ ಒಂದು ಮಾತು ಚಾಲ್ತಿಯಲ್ಲಿದೆ. ಇಂಗ್ಲಿಷರಿಗೆ ಬೇರೆ ಭಾಷೆ ಹತ್ತುವುದಿಲ್ಲ, ಅಮೆರಿಕನ್ನರಿಗೆ ಕಲಿಯುವ ಮನಸ್ಸೇ ಇಲ್ಲ, ಡಚ್ಚರು ಹುಟ್ಟುತ್ತಲೇ ನಾಲ್ಕು ಭಾಷೆ ಆಡುತ್ತಾರೆ. ಇಂಗ್ಲಿಷರೇ ಇದನ್ನು ಹೇಳಿಕೊಳ್ಳುತ್ತಾರೆ: ‘ನಾವು ಭಾಷೆಗಳಲ್ಲಿ ಹಿಂದೆ.’ ಹದಿನೈದು ಹದಿನೆಂಟು ತಲೆಮಾರುಗಳಲ್ಲಿ ಒಂದು ಜನಾಂಗದ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಬೇರೆ ಏನೋ ಇರಬೇಕು.

ದೇಶಕ್ಕೊಂದು ಸ್ವಭಾವ ಇರುತ್ತದೆ ಎಂಬ ನಂಬಿಕೆಯನ್ನು ಮನೋವಿಜ್ಞಾನಿಗಳು ಅಳೆದು ನೋಡಿದ್ದಾರೆ. ಆಂಟೋನಿಯೋ ಟೆರಾಚಾನೋ, ರಾಬರ್ಟ್ ಮ್ಯಾಕ್ರೇ ಮತ್ತು ಅವರ ದೊಡ್ಡ ತಂಡ 49 ಸಂಸ್ಕೃತಿಗಳ ಸುಮಾರು 4,000 ಜನರನ್ನು ಕೇಳಿತು: ನಿಮ್ಮ ನಾಡಿನ ಸಾಮಾನ್ಯ ಮನುಷ್ಯ ಎಂಥವನು? ಮುಂಗೋಪಿಯೇ, ಶಿಸ್ತಿನವನೇ, ಎಲ್ಲರೊಡನೆ ಬೆರೆಯುವವನೇ? ಬಂದ ಉತ್ತರಗಳನ್ನು ಆಯಾ ನಾಡಿನ ಜನರ ವ್ಯಕ್ತಿತ್ವವನ್ನು ಅಳೆದು ತೆಗೆದ ಸರಾಸರಿಯ ಪಕ್ಕದಲ್ಲಿಟ್ಟರು. ಎರಡಕ್ಕೂ ತಾಳೆಯಾಗಲಿಲ್ಲ. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಅಧ್ಯಯನದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ಅಂಶ: ಒಂದೇ ನಾಡಿನ ಜನ ‘ನಾವು ಇಂಥವರು’ ಎಂಬುದರಲ್ಲಿ ತಮ್ಮತಮ್ಮೊಳಗೆ ಚೆನ್ನಾಗಿಯೇ ಒಪ್ಪುತ್ತಿದ್ದರು. ಎಲ್ಲರೂ ಒಪ್ಪಿದ ಚಿತ್ರವೂ ಸುಳ್ಳಾಗಿರಬಹುದು.

ಇಂಥ ಚಿತ್ರಗಳು ಎಷ್ಟು ಬೇಗ ಬಣ್ಣ ಬದಲಿಸುತ್ತವೆ ಎಂಬುದಕ್ಕೂ ದಾಖಲೆಯಿದೆ. 1933ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 100 ವಿದ್ಯಾರ್ಥಿಗಳು ಜಪಾನೀಯರನ್ನು ಬುದ್ಧಿವಂತರು, ದುಡಿಮೆಗಾರರು ಎಂದು ಗುರುತಿಸಿದ್ದರು. ನಡುವೆ ಮಹಾಯುದ್ಧ ಬಂದುಹೋಯಿತು. 1951ರಲ್ಲಿ ಪ್ರಕಟವಾದ ಅಂಥದೇ ಸಮೀಕ್ಷೆಯಲ್ಲಿ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಣ್ಣಲ್ಲಿ, ಅದೇ ಜಪಾನೀಯರು ಬರೀ ಅನುಕರಣೆಯವರು, ಕುಟಿಲರು ಆಗಿಬಿಟ್ಟಿದ್ದರು.

ಭಾಷೆಯ ವಿಷಯದಲ್ಲಿ ಅಂಕಿ ಅಂಶ ಏನನ್ನುತ್ತದೆ? ಐರೋಪ್ಯ ಒಕ್ಕೂಟ ನಡೆಸುವ ಯೂರೋಬ್ಯಾರೋಮೀಟರ್ ಎಂಬ ಜನಮತ ಸಮೀಕ್ಷೆಯ 2012ರ ವರದಿಯ ಪ್ರಕಾರ ಮಾತೃಭಾಷೆಯ ಜೊತೆಗೆ ಇನ್ನೊಂದು ಭಾಷೆಯಲ್ಲಿ ಸಂಭಾಷಣೆ ನಡೆಸಬಲ್ಲವರು ಬ್ರಿಟನ್ನಿನಲ್ಲಿ ಶೇ 39. ಕಡಿಮೆಯೇ, ಒಪ್ಪೋಣ. ಆದರೆ ಪೋರ್ಚುಗಲ್ಲಿನಲ್ಲೂ ಶೇ 39, ಇಟಲಿಯಲ್ಲಿ ಶೇ 38, ಹಂಗೆರಿಯಲ್ಲಿ ಶೇ 35. ಹಂಗೆರಿಯವರಿಗೆ ಭಾಷೆ ಹತ್ತುವುದಿಲ್ಲ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಇತ್ತ ಲಕ್ಸೆಂಬರ್ಗಿನಲ್ಲಿ ಶೇ 98. ಮೂರು ಭಾಷೆಗಳು ಆಡಳಿತದಲ್ಲೂ ಶಾಲೆಯಲ್ಲೂ ಬಳಕೆಯಲ್ಲಿರುವ ಪುಟ್ಟ ದೇಶ ಅದು. ಅಲ್ಲಿ ಒಂದೇ ಭಾಷೆಯಲ್ಲಿ ಬಾಳುವೆ ಸಾಗುವುದಿಲ್ಲ.

‘ಭಾಷೆ ಕಲಿಯುವ ಶಕ್ತಿ ಇಂಗ್ಲಿಷರಿಗೆ ಹುಟ್ಟಿನಿಂದಲೇ ಇಲ್ಲ’ ಎನ್ನುವವರಿಗೆ ತೋರಿಸಬೇಕಾದ ಒಂದು ಪ್ರಯೋಗವಿದೆ. ನಮ್ಮ ಕಿವಿಗೆ ‘ತ’ ಬೇರೆ, ‘ಟ’ ಬೇರೆ. ಈ ಬಗ್ಗೆ ಸಂಶಯವೇ ಏಳುವುದಿಲ್ಲ. ದೊಡ್ಡವರಾದ ಇಂಗ್ಲಿಷ್ ಭಾಷಿಕರಲ್ಲಿ ಬಹುಪಾಲು ಮಂದಿಗೆ ಎರಡೂ ಒಂದೇ ಥರ ಕೇಳುತ್ತವೆ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಕೂಸುಗಳಿಗೆ ಹಿಂದಿಯ ಈ ಎರಡು ಧ್ವನಿಗಳನ್ನು ಕೇಳಿಸಿದರು. ಒಂದು ಧ್ವನಿ ಮತ್ತೆ ಮತ್ತೆ ಬರುತ್ತಿರುತ್ತದೆ. ಅದು ಇನ್ನೊಂದಕ್ಕೆ ಬದಲಾದಾಗ ಮಗು ತಲೆ ತಿರುಗಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ದೀಪ ಹೊತ್ತಿ ಆಟಿಕೆ ಪ್ರಾಣಿ ಕಾಣಿಸುತ್ತದೆ. ಆರರಿಂದ ಎಂಟು ತಿಂಗಳ ಕೂಸುಗಳು ಸರಿಯಾದ ಹೊತ್ತಿಗೆ ತಲೆ ತಿರುಗಿಸಿದವು. ಹತ್ತು ಹನ್ನೆರಡು ತಿಂಗಳು ತುಂಬುವಷ್ಟರಲ್ಲಿ ಬಹುತೇಕ ಮಕ್ಕಳಿಗೆ ಆ ವ್ಯತ್ಯಾಸ ಹಿಡಿಯಲಾಗಲಿಲ್ಲ. ಹಿಂದಿ ಕೇಳಿ ಬೆಳೆಯುವ ಮಗುವಿನಲ್ಲಿ ಈ ಶಕ್ತಿ ಉಳಿದುಕೊಳ್ಳುತ್ತದೆ. ವರದಿ ಬಂದದ್ದು 1984ರಲ್ಲಿ. ಆಮೇಲಿನ ನಾಲ್ಕು ದಶಕಗಳ ಶಿಶು ಸಂಶೋಧನೆಗೆ ಅದು ತಳಪಾಯ. ಕೆನಡಾದ ವ್ಯಾಂಕೂವರ್ ಊರಿನ ಕೂಸು ನಮ್ಮ ಕೂಸಿನಷ್ಟೇ ಸೂಕ್ಷ್ಮವಾದ ಕಿವಿ ಹೊತ್ತು ಹುಟ್ಟುತ್ತದೆ. ಸುತ್ತಲಿನ ಮಾತಿನಲ್ಲಿ ಬಳಕೆಗೆ ಬಾರದ ವ್ಯತ್ಯಾಸಗಳನ್ನು ಮಿದುಳು ಗಮನಿಸುವುದನ್ನು ಬಿಡುತ್ತದೆ, ಅಷ್ಟೆ.

ವ್ಯಾಕರಣ ಕಲಿಯುವ ಶಕ್ತಿ ಕಿವಿಯ ಈ ಸೂಕ್ಷ್ಮತೆಗಿಂತ ಬಹಳ ಕಾಲ ಉಳಿಯುತ್ತದೆ. ಜೋಶುವಾ ಹಾರ್ಟ್ಸ್‌ಹಾರ್ನ್ ಮತ್ತು ಸಂಗಡಿಗರು ಅಂತರ್ಜಾಲದಲ್ಲಿ ಇಂಗ್ಲಿಷ್ ವ್ಯಾಕರಣದ ರಸಪ್ರಶ್ನೆಯೊಂದನ್ನು ಹರಿಯಬಿಟ್ಟು ಸುಮಾರು 6.7 ಲಕ್ಷ ಜನರ ಉತ್ತರ ಕಲೆಹಾಕಿದರು. 2018ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಆ ಶಕ್ತಿ ಕುಗ್ಗಲು ಶುರುವಾಗುವುದು ಹದಿನೇಳು ದಾಟಿದ ಮೇಲೆ. ಈ ಹದಿನೇಳನ್ನು ನೆನಪಿಟ್ಟುಕೊಳ್ಳಿ.

ಹಾಗಾದರೆ ಕಲಿಯದಂತೆ ತಡೆಯುವುದು ಯಾವುದು? ನೆದರ್ಲೆಂಡ್ಸಿನ ಸಮಾಜವಿಜ್ಞಾನಿ ಅಬ್ರಾಮ್ ಡಿ ಸ್ವಾನ್ ಜಗತ್ತಿನ ಭಾಷೆಗಳನ್ನು ಮಟ್ಟಗಳ ಒಂದು ವ್ಯವಸ್ಥೆಯಾಗಿ ನೋಡಿದರು. ಜನ ಸಾಮಾನ್ಯವಾಗಿ ತಮ್ಮ ಭಾಷೆಗಿಂತ ಮೇಲಿನ ಮಟ್ಟದ್ದನ್ನು ಕಲಿಯುತ್ತಾರೆ, ಹೆಚ್ಚು ಜನರನ್ನು ಮುಟ್ಟಿಸುವ ಭಾಷೆಯನ್ನು. ತುಳು ಮನೆಮಾತಿನವರು ಕನ್ನಡ ಕಲಿಯುತ್ತಾರೆ, ಕನ್ನಡಿಗರು ಹಿಂದಿಯನ್ನೋ ಇಂಗ್ಲಿಷನ್ನೋ ಕಲಿಯುತ್ತಾರೆ. ತೀರ ಮೇಲಿನ ಮಟ್ಟದಲ್ಲಿ ಈಗ ಇಂಗ್ಲಿಷ್ ಇದೆ. ಅಲ್ಲಿ ಹುಟ್ಟಿದವರಿಗೆ ಹತ್ತಲು ಮುಂದಿನ ಮೆಟ್ಟಿಲೇ ಇಲ್ಲ. ಜೊತೆಗೆ ಯಾವ ಭಾಷೆ ಕಲಿಯಬೇಕು ಎಂಬುದೂ ಅವರಿಗೆ ಸ್ಪಷ್ಟವಿಲ್ಲ. ಪೋಲೆಂಡಿನ ಹುಡುಗಿಗೆ ಇಂಗ್ಲಿಷ್ ಕಲಿ ಎಂದು ಯಾರೂ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಲೀಡ್ಸ್ ಊರಿನ ಹುಡುಗಿಗೆ ಸ್ಪ್ಯಾನಿಷ್, ಮ್ಯಾಂಡರಿನ್, ಉರ್ದು, ಜರ್ಮನ್ ಎಲ್ಲವೂ ಒಂದೊಂದು ಕಾರಣಕ್ಕೆ ಸರಿ, ಯಾವುದೂ ಅನಿವಾರ್ಯವಲ್ಲ.

ಎರಡನೆಯ ಕಾರಣ ಇದಕ್ಕಿಂತ ಬಲವಾದದ್ದು. ಬೆಲ್ಜಿಯಂನ ತತ್ವಶಾಸ್ತ್ರಜ್ಞ ಫಿಲಿಪ್ ವ್ಯಾನ್ ಪರೈಸ್ ಅದನ್ನು ಒಂದು ನಿಯಮದಂತೆ ವಿವರಿಸಿದ್ದಾರೆ. ಬೇರೆ ಬೇರೆ ಭಾಷೆಯ ನಾಲ್ಕು ಜನ ಒಂದು ಮೇಜಿನ ಸುತ್ತ ಕೂತರೆ, ಯಾರೂ ಹೊರಗುಳಿಯದಂಥ ಭಾಷೆಯನ್ನು ಆರಿಸಿಕೊಳ್ಳುತ್ತಾರೆ. ಆ ಭಾಷೆ ತೀರ ಕಡಿಮೆ ಬಲ್ಲವನಿಗೂ ಒಂದಿಷ್ಟು ಬರಬೇಕು. ಇದು ಸೌಜನ್ಯದ ಆಯ್ಕೆ, ಯಾರ ಒತ್ತಾಯವೂ ಇಲ್ಲ. ಹತ್ತು ಜನರ ಗುಂಪಿನಲ್ಲಿ ಒಂಬತ್ತು ಮಂದಿಗೆ ಜರ್ಮನ್ ಸಲೀಸಾಗಿ ಬರುತ್ತಿದ್ದರೂ ಒಬ್ಬರಿಗೆ ಇಂಗ್ಲಿಷ್ ಮಾತ್ರ ಗೊತ್ತಿದ್ದರೆ ಎಲ್ಲರೂ ಇಂಗ್ಲಿಷಿಗೆ ತಿರುಗುತ್ತಾರೆ. ಹಾಗೆ ತಿರುಗಿದಾಗಲೆಲ್ಲ ಆ ಒಂಬತ್ತು ಮಂದಿಯ ಇಂಗ್ಲಿಷ್ ಇನ್ನಷ್ಟು ಪಳಗುತ್ತದೆ. ಮುಂದಿನ ಸಲ ತಿರುಗುವುದು ಇನ್ನೂ ಸುಲಭ. ಬರ್ಲಿನ್ನಿಗೆ ಹೋದ ಇಂಗ್ಲಿಷ್ ಹುಡುಗನೊಬ್ಬ ಶಾಲೆಯಲ್ಲಿ ಕಲಿತ ಜರ್ಮನ್ನಿನಲ್ಲಿ ತಡವರಿಸುತ್ತಾ ಕಾಫಿ ಕೇಳಿದರೆ ಉತ್ತರ ನಿರರ್ಗಳ ಇಂಗ್ಲಿಷಿನಲ್ಲಿ ಬರುತ್ತದೆ. ಭಾಷೆ ನಾಲಿಗೆಗೆ ಹತ್ತಲು ಬೇಕಾದ್ದು ಸಾವಿರಾರು ಸಣ್ಣ ಸಂಭಾಷಣೆಗಳು. ಎದುರಿನವರ ದಯೆ ಅವನಿಂದ ಅವನ್ನೇ ಕಸಿದುಕೊಳ್ಳುತ್ತದೆ.

ಇಷ್ಟೇ ಆಗಿದ್ದರೆ ಇದನ್ನು ಇತಿಹಾಸದ ಸಹಜ ಹರಿವು ಎಂದು ಬಿಡಬಹುದಿತ್ತು. ಆದರೆ ಕಾನೂನಿನ ಕೈಯೂ ಇದರಲ್ಲಿದೆ. 1915ರ ಹೊತ್ತಿಗೆ ಅಮೆರಿಕದ ಪ್ರೌಢಶಾಲೆಗಳಲ್ಲಿ ಸುಮಾರು ಕಾಲುಭಾಗ ವಿದ್ಯಾರ್ಥಿಗಳು ಜರ್ಮನ್ ಕಲಿಯುತ್ತಿದ್ದರು. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದೇ ತಡ, ಪರಭಾಷೆ ಎಂದರೆ ದೇಶದ್ರೋಹ ಎಂಬ ಗಾಳಿ ಬೀಸಿತು. 1918ರಲ್ಲಿ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್, ಶಾಲೆಯಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೇನೂ ಆಡಕೂಡದೆಂದು ಆಜ್ಞೆ ಹೊರಡಿಸಿದರು. 1919ರಲ್ಲಿ ನೆಬ್ರಾಸ್ಕಾ ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಯಾವ ಪರಭಾಷೆಯನ್ನೂ ಕಲಿಸಬಾರದೆಂದು ಕಾಯ್ದೆ ಮಾಡಿತು. ಅಲ್ಲಿನ ಹಳ್ಳಿಯೊಂದರ ಚರ್ಚ್ ಶಾಲೆಯಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ನಿನಲ್ಲಿ ಬೈಬಲ್ ಕಥೆ ಓದಿಸುತ್ತಿದ್ದ ರಾಬರ್ಟ್ ಮೇಯರ್ ಎಂಬ ಶಿಕ್ಷಕರಿಗೆ 25 ಡಾಲರ್ ದಂಡ ಬಿತ್ತು. ಮೇಯರ್ ದಂಡ ಕಟ್ಟಿ ಸುಮ್ಮನಾಗಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1923ರಲ್ಲಿ ಗೆದ್ದರು. ಆದರೆ ಅಷ್ಟರೊಳಗೆ ಜರ್ಮನ್ ಕಲಿಯುವ ವಿದ್ಯಾರ್ಥಿಗಳ ಪಾಲು ಶೇ 1ಕ್ಕಿಂತ ಕೆಳಗೆ ಕುಸಿದಿತ್ತು. ತೀರ್ಪು ಕಾಯ್ದೆಯನ್ನು ಅಳಿಸಿತು, ಕೈಬಿಟ್ಟುಹೋದ ಮೇಷ್ಟರನ್ನೂ ತರಗತಿಗಳನ್ನೂ ಮರಳಿ ತರಲಿಲ್ಲ.

ಇಂಗ್ಲೆಂಡಿನಲ್ಲಿ ಯಾವ ನಿಷೇಧವೂ ಬೇಕಾಗಲಿಲ್ಲ. 2004ರಿಂದ 14 ವರ್ಷ ದಾಟಿದ ವಿದ್ಯಾರ್ಥಿಗಳಿಗೆ ವಿದೇಶಿ ಭಾಷೆ ಐಚ್ಛಿಕವಾಯಿತು. 2002ರಲ್ಲಿ ಶಾಲಾಂತ್ಯದ ಜಿಸಿಎಸ್‌ಇ ಪರೀಕ್ಷೆಗೆ ಒಂದಾದರೂ ಭಾಷೆ ತೆಗೆದುಕೊಂಡವರು ಸುಮಾರು ಮುಕ್ಕಾಲು ಪಾಲು. 2011ರಲ್ಲಿ ಶೇ 40ರಷ್ಟು. ಮಿದುಳು ಇನ್ನೂ ಮೂರು ವರ್ಷ ವ್ಯಾಕರಣವನ್ನು ಸಲೀಸಾಗಿ ಹೀರುತ್ತಿರುವ ವಯಸ್ಸಿನಲ್ಲಿ, ಕಲಿಯುವುದು ನಿಮ್ಮಿಷ್ಟ ಎಂದು ಕೈಬಿಟ್ಟದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಆ ಮಕ್ಕಳೇ ಬೆಳೆದು ‘ನಮಗೆ ಭಾಷೆ ಬರುವುದಿಲ್ಲ’ ಎನ್ನುತ್ತಾರೆ, ಅದು ಜನಾಂಗದ ಗುಣವೆಂದು ಎಣಿಕೆಗೆ ಸೇರುತ್ತದೆ. ಮುಂದೆ ಭಾಷೆಗೆ ದುಡ್ಡು ಕಡಿತ ಮಾಡುವವರಿಗೆ ಅದೇ ನೆಪವಾಗುತ್ತದೆ. 2023ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ವಿದೇಶಿ ಭಾಷೆಗಳ ಪದವಿ ಕೋರ್ಸುಗಳನ್ನೇ ಮುಚ್ಚಿತು. ಆ ದೇಶದ ಕಾಲೇಜುಗಳಲ್ಲಿ ಇಂಗ್ಲಿಷೇತರ ಭಾಷಾ ತರಗತಿಗಳಿಗೆ ಸೇರುವವರ ಸಂಖ್ಯೆ 2016ರಿಂದ 2021ರೊಳಗೆ ಶೇ 16.6ರಷ್ಟು ಇಳಿದಿತ್ತು.

ಸ್ವಭಾವವೋ ಸಂದರ್ಭವೋ ಎಂಬ ಪ್ರಶ್ನೆಗೆ ಉತ್ತರ ಕೊಡುವಂಥ ಒಂದು ನಾಡಿದೆ: ಕೆನಡಾ. ಅಲ್ಲಿ ಇಂಗ್ಲಿಷ್ ಮಾತೃಭಾಷೆಯವರು ಕ್ವಿಬೆಕ್ ಪ್ರಾಂತ್ಯದಲ್ಲೂ ಇದ್ದಾರೆ, ಹೊರಗೂ ಇದ್ದಾರೆ. ಒಂದೇ ದೇಶ, ಒಂದೇ ಮನೆಮಾತು. ಕ್ವಿಬೆಕ್ಕಿನಲ್ಲಿ ಬಹುಸಂಖ್ಯಾತರ ಮಾತು ಫ್ರೆಂಚ್. 1977ರ ಭಾಷಾ ಕಾಯ್ದೆ ಕಚೇರಿ, ಅಂಗಡಿ, ಕಾರ್ಖಾನೆಗಳಲ್ಲಿ ಅದನ್ನೇ ಮುಂದಿಟ್ಟಿತು. ಅದಕ್ಕೂ ಮೊದಲು, 1965ರಲ್ಲಿ, ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನ ಇಂಗ್ಲಿಷ್ ಭಾಷಿಕ ತಂದೆತಾಯಿಯರು ಶಾಲಾ ಮಂಡಳಿಯ ಬೆನ್ನುಬಿದ್ದು ತಮ್ಮ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಪಾಠ ಶುರುಮಾಡಿಸಿದ್ದರು. ಮಕ್ಕಳ ಇಂಗ್ಲಿಷ್ ಕೆಡುವುದೇ ಎಂದು ಮನೋವಿಜ್ಞಾನಿ ವಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ವರ್ಷಗಟ್ಟಲೆ ಅಳೆದರು. ಕೆಡಲಿಲ್ಲ, ಫ್ರೆಂಚ್ ಜೊತೆಗೂಡಿತು. ಇಂದು ಕ್ವಿಬೆಕ್ಕಿನ ಇಂಗ್ಲಿಷ್ ಭಾಷಿಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಫ್ರೆಂಚಿನಲ್ಲಿ ಮಾತಾಡಬಲ್ಲರು. ಕ್ವಿಬೆಕ್ಕಿನ ಗಡಿ ದಾಟಿದರೆ ಹತ್ತರಲ್ಲಿ ಒಬ್ಬರೂ ಸಿಗುವುದಿಲ್ಲ.

ಇಂಥ ಪುರಾವೆ ನಮ್ಮ ನೆಲದಲ್ಲೂ ಇದೆ. 1812ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಶುರುವಾದದ್ದೇ ಈಸ್ಟ್ ಇಂಡಿಯಾ ಕಂಪನಿಯ ಎಳೆಯ ಅಧಿಕಾರಿಗಳಿಗೆ ತಮಿಳು, ತೆಲುಗು, ಕನ್ನಡಗಳಂಥ ಭಾಷೆಗಳನ್ನು ಕಲಿಸಲಿಕ್ಕೆ. ಕಂಪನಿಯ ಸೇವೆಯಲ್ಲಿದ್ದ ಜಾನ್ ಮೆಕೆರೆಲ್ 1820ರಲ್ಲಿ ಕನ್ನಡ ವ್ಯಾಕರಣ ಬರೆದರು. ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ತಂದರು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚಿಗೆ ತಂದರು. ಆಳುವ ಹಂಬಲವೋ, ಮತಪ್ರಚಾರವೋ, ನಿಜವಾದ ಅಕ್ಕರೆಯೋ, ಕಾರಣ ಏನೇ ಇರಲಿ, ಕನ್ನಡವಿಲ್ಲದೆ ಅವರ ಕೆಲಸ ನಡೆಯುತ್ತಿರಲಿಲ್ಲ.

ಈಗ ಬೆಂಗಳೂರಿನಲ್ಲಿ ‘ಕನ್ನಡ ಗೊತ್ತಿಲ್ಲ’ ಎಂಬ ಮಾತು ಕೇಳಿ ನಮಗೆ ಸಿಟ್ಟು ಬರುತ್ತದೆ. ಅದು ನನಗೂ ಬರುತ್ತದೆ. ಆ ಸಿಟ್ಟಿನಲ್ಲಿ ಉತ್ತರದವರು ಇಂಥವರು ಎಂದು ಒಂದು ಚಿತ್ರ, ಕನ್ನಡಿಗರಿಗೆ ಅಭಿಮಾನ ಕಡಿಮೆ ಎಂದು ಇನ್ನೊಂದು ಚಿತ್ರ ಬರೆದುಕೊಳ್ಳುತ್ತೇವೆ. ಆಟೋ ಸ್ಟ್ಯಾಂಡಿನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಆಫೀಸಿನ ಊಟದ ಮೇಜಿನಲ್ಲಿ ನಡೆಯುತ್ತಿರುವುದು ಮಾತ್ರ ವ್ಯಾನ್ ಪರೈಸ್ ಬರೆದ ಅದೇ ಲೆಕ್ಕ. ಹೊಸಬರು ‘ಎಷ್ಟಾಯ್ತು’ ಎಂದು ತಪ್ಪುತಪ್ಪಾಗಿ ಕೇಳುತ್ತಾರೆ, ನಾವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಲೆಕ್ಕ ಹೇಳುತ್ತೇವೆ. ಆ ಗಳಿಗೆಯಲ್ಲಿ ನಿಧಾನವಾಗಿ ‘ಎಂಬತ್ತು ರೂಪಾಯಿ’ ಎಂದು ಹೇಳಿ, ಬೇಕಾದರೆ ಬೆರಳಲ್ಲಿ ತೋರಿಸಿ, ಮತ್ತೆ ಕನ್ನಡದಲ್ಲೇ ಮಾತು ಮುಂದುವರಿಸುವುದಕ್ಕೆ ಹಿಡಿಯುವುದು ಹತ್ತಿಪ್ಪತ್ತು ಸೆಕೆಂಡು.